ಕಾದಾಡುವ ಮೀನುಗಳ ತೊಟ್ಟಿಗೆ ಹೊಸ ಮೀನು ಸೇರಿಸಲು ಅಕ್ರಿಲಿಕ್ ಪೆಟ್ಟಿಗೆ: ಒಂದು ವಿಮರ್ಶೆ

ಜಾಗಕ್ಕಾಗಿ ಕಾದಾಡುವ ಮೀನುಗಳು ಈಗಾಗಲೇ ನೆಲೆಯೂರಿರುವ ತೊಟ್ಟಿಗೆ ಹೊಸ ಮೀನೊಂದನ್ನು ಸೇರಿಸಬೇಕಾದಾಗ ಬಳಸಲೆಂದು, ಅದನ್ನು ಕೆಲವು ದಿನ ಒಳಗಿಟ್ಟು ತೊಟ್ಟಿಯಲ್ಲಿಯೇ ತೂಗುಹಾಕುವ ‘ಅಕ್ಲಿಮೇಷನ್ ಬಾಕ್ಸ್’ ಎಂಬ ಹೆಸರಿನ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಗಳು ಆನ್‌ಲೈನ್ ಮಳಿಗೆಗಳಲ್ಲಿಯೂ ದೊಡ್ಡ ಅಕ್ವೇರಿಯಂ ಅಂಗಡಿಗಳಲ್ಲಿಯೂ ದೊರೆಯುತ್ತವೆ. ನಾನು ಬಳಸಿದ್ದು 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, ಅಷ್ಟೇ ಎತ್ತರದ, ಮುಚ್ಚಳವಿರುವ ಮಾದರಿ. ಬೆಲೆ ಸುಮಾರು ಸಾವಿರದ ನೂರು ರೂಪಾಯಿ. ತಯಾರಕರ ಹೆಸರು ಪೆಟ್ಟಿಗೆಯ ಮೇಲೂ ಇಲ್ಲ, ಅದು ಬಂದ ರಟ್ಟಿನ ಡಬ್ಬದ ಮೇಲೂ ಇಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಪರಿಚಿತ ಮೀನಿನ ಮೇಲೆ ಹಳೆಯ ಮೀನುಗಳಿಗಿರುವ ಹಗೆಯನ್ನು ಈ ಪೆಟ್ಟಿಗೆ ನಿಜವಾಗಿಯೂ ತಗ್ಗಿಸುತ್ತದೆ, ಆದರೆ ಜಾಗದ ಜಗಳವನ್ನು ಬಗೆಹರಿಸುವುದು ಅದರ ಕೈಲಾಗದ ಕೆಲಸ. ಈ ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರಿಗೆ ನಿರಾಶೆ ತಪ್ಪಿದ್ದಲ್ಲ.

ತೊಟ್ಟಿಯ ವಿವರ ತಿಳಿಯದೆ ಇಂಥ ವಿಮರ್ಶೆಗೆ ಬೆಲೆಯಿಲ್ಲವಾದ್ದರಿಂದ ಅದನ್ನೂ ಹೇಳುತ್ತೇನೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, ಅಂದರೆ ಸುಮಾರು 250 ಲೀಟರಿನ ಗಾಜಿನ ತೊಟ್ಟಿ. ಒಳಗೆ ಕಲ್ಲುಗಳ ರಾಶಿ, ತೆಳುವಾಗಿ ಹರಡಿದ ಮರಳು, ಬೋರ್‌ವೆಲ್ಲಿನ ಗಡಸು ನೀರು. ಬೆಂಗಳೂರಿನ ಗೃಹಿಣಿಯರು ಗೀಸರಿನಲ್ಲಿ ಬಿಳಿ ಪೊರೆ ಕಟ್ಟುತ್ತದೆಂದು ಶಪಿಸುವ ಈ ನೀರು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಕುಟುಂಬದ ಮೀನುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ, ಏಕೆಂದರೆ ಆ ಸರೋವರದ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಹೆಚ್ಚಾದರೆ ಕ್ಷಾರೀಯ) ಎಂಟರ ಆಸುಪಾಸಿನಲ್ಲಿದೆ. ತೊಟ್ಟಿಯ ಹಳೆಯ ನಿವಾಸಿಗಳು ಕಲ್ಲುಗಳ ನಡುವೆ ಬದುಕುವ, ಎಂಬುನಾ ಎಂದು ಕರೆಯಲಾಗುವ ಮೀನುಗಳು. ಅವುಗಳ ಮುಖಂಡ ಒಂದು ಆರೇಟಸ್ ಗಂಡು. ಆರೇಟಸ್ ಮರಿಗಳೂ ಹೆಣ್ಣುಗಳೂ ಹೊಂಬಣ್ಣದ ಮೈಮೇಲೆ ಕಪ್ಪು ಪಟ್ಟೆಗಳಿರುವ ಸುಂದರ ಮೀನುಗಳಾದ್ದರಿಂದ ಅಂಗಡಿಯಲ್ಲಿ ಕಂಡವರು ಮರುಳಾಗಿ ಕೊಳ್ಳುತ್ತಾರೆ. ಗಂಡು ಬೆಳೆದು ಮೇಲುಗೈ ಪಡೆದಂತೆ ಅದರ ಬಣ್ಣ ತಿರುಗುಮುರುಗಾಗಿ, ಮೈ ಕಪ್ಪಾಗಿ, ಪಟ್ಟೆ ತಿಳಿಯಾಗಿ, ಸ್ವಭಾವವೂ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಸದಾಗಿ ಸೇರಿಸಬೇಕಾಗಿದ್ದುದು ಒಂದು ಎಲೆಕ್ಟ್ರಿಕ್ ಯೆಲ್ಲೋ, ಮೈತುಂಬ ಹಳದಿ, ಬೆನ್ನುರೆಕ್ಕೆಯ ಮೇಲೆ ಕಪ್ಪು ಗೆರೆ. ಎಂಬುನಾ ಮೀನುಗಳಲ್ಲಿ ಸಾಧು ಎನ್ನಬಹುದಾದ ಕೆಲವೇ ಜಾತಿಗಳಲ್ಲಿ ಅದೂ ಒಂದು.

ಸರೋವರದಲ್ಲಿ ಈ ಮೀನುಗಳು ಹೀಗೇಕೆ ಬದುಕುತ್ತವೆ ಎಂಬುದನ್ನು ತಿಳಿದರೆ ಪೆಟ್ಟಿಗೆಯಿಂದ ಏನನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಎಂಬುನಾ ಗಂಡುಗಳು ಬಂಡೆಯ ಒಂದು ತುಂಡನ್ನೋ ಸಂದನ್ನೋ ತಮ್ಮದಾಗಿಸಿಕೊಂಡು, ಅದರ ಮೇಲೆ ಬೆಳೆಯುವ ಪಾಚಿಯನ್ನು ಮೇಯುತ್ತ, ಅಲ್ಲಿಯೇ ಹೆಣ್ಣನ್ನು ಕರೆಯುತ್ತ, ಹತ್ತಿರ ಬಂದ ಇತರ ಗಂಡುಗಳನ್ನು, ಅದರಲ್ಲೂ ತಮ್ಮಂತೆಯೇ ಬಣ್ಣವಿರುವವನ್ನು, ಓಡಿಸುತ್ತವೆ. ಸುಮಾರು 700 ಮೀಟರ್ ಆಳದ, ನೂರಾರು ಕಿಲೋಮೀಟರ್ ಉದ್ದದ ಆ ಸರೋವರದಲ್ಲಿ ಸೋತ ಮೀನಿಗೆ ಓಡಿಹೋಗಲು ಬೇಕಾದಷ್ಟು ಜಾಗವಿದೆ. ನಾಲ್ಕಡಿಯ ತೊಟ್ಟಿಯಲ್ಲಿ ಸೋತದ್ದು ಎಲ್ಲಿಗೆ ಓಡಿದರೂ ಗೆದ್ದದ್ದರ ಕಣ್ಣಳತೆಯಲ್ಲಿಯೇ ಇರುತ್ತದೆ. ಅಲ್ಲಿ ಕ್ಷಣಮಾತ್ರದಲ್ಲಿ ಮುಗಿಯುವ ಬೆನ್ನಟ್ಟುವಿಕೆ ಇಲ್ಲಿ ಸಾಯುವವರೆಗೂ ನಡೆಯುವುದು ಇದೇ ಕಾರಣಕ್ಕೆ. ಮೀನಿನ ಕ್ರೌರ್ಯಕ್ಕಿಂತ ಗಾಜಿನ ಅಳತೆಯೇ ಅದಕ್ಕೆ ಹೆಚ್ಚು ಹೊಣೆ.

ಪೆಟ್ಟಿಗೆ ಕೆಲಸ ಮಾಡುವುದು ಪ್ರಾಣಿಗಳ ಇನ್ನೊಂದು ಗುಣವನ್ನು ನೆಚ್ಚಿಕೊಂಡು. ಸ್ವಂತ ಎಲ್ಲೆ ಕಾಯುವ ಅನೇಕ ಪ್ರಾಣಿಗಳು ಪರಿಚಿತ ನೆರೆಯವನ್ನು ಸಹಿಸಿಕೊಂಡು ಅಪರಿಚಿತವನ್ನು ಮಾತ್ರ ಬಲವಾಗಿ ಎದುರಿಸುತ್ತವೆ. ಹಕ್ಕಿಗಳಲ್ಲಿ ಇದನ್ನು ಗಮನಿಸಿದ ಬ್ರಿಟಿಷ್ ಪಕ್ಷಿತಜ್ಞ ಜೇಮ್ಸ್ ಫಿಶರ್ 1954ರಲ್ಲಿ ಇದಕ್ಕೆ ‘ಪ್ರಿಯ ಶತ್ರು’ ಎಂಬ ಅರ್ಥದ ಹೆಸರಿಟ್ಟರು. ಮೀನುಗಳಲ್ಲಿಯೂ ಈ ಗುಣ ಕಂಡುಬಂದಿದೆ. ಆಫ್ರಿಕಾದ ಟ್ಯಾಂಗನಿಕಾ ಸರೋವರದ ನಿಯೋಲ್ಯಾಂಪ್ರೊಲೋಗಸ್ ಪುಲ್ಕರ್ ಎಂಬ ಸಿಕ್ಲಿಡ್ ಮುಖದ ಮೇಲಿನ ಬಣ್ಣದ ಗುರುತು ನೋಡಿಯೇ ಪರಿಚಿತ ಮೀನನ್ನೂ ಅಪರಿಚಿತ ಮೀನನ್ನೂ ಬೇರ್ಪಡಿಸಿ ತಿಳಿಯುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ವಾಸನೆಯ ಪಾತ್ರವೂ ಇದೆ: ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ಮೊಜಾಂಬಿಕ್ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ, ಅದರ ಗಂಡುಗಳು ಮೂತ್ರದ ಮೂಲಕ ತಮ್ಮ ಬಲಾಬಲವನ್ನು ಎದುರಾಳಿಗೆ ತಿಳಿಸುತ್ತವೆ. ಆದ್ದರಿಂದ ಗೋಡೆ ಪಾರದರ್ಶಕವಾಗಿರುವುದೂ, ರಂಧ್ರಗಳ ಮೂಲಕ ನೀರು ಓಡಾಡುವುದೂ ಅಲಂಕಾರಕ್ಕಲ್ಲ. ಹೊಸ ಹಸುವನ್ನು ತಂದಾಗ ನೇರವಾಗಿ ದನಗಳ ನಡುವೆ ಬಿಡದೆ ಕೆಲವು ದಿನ ಅದೇ ಕೊಟ್ಟಿಗೆಯ ಪಕ್ಕದ ಗೂಟಕ್ಕೆ ಕಟ್ಟಿ, ಮೂಸಿ ನೋಡಿಕೊಳ್ಳಲು ಬಿಡುವ ರೂಢಿಯ ಹಿಂದಿರುವುದೂ ಇದೇ ತಿಳಿವಳಿಕೆ.

ಇನ್ನು ವಸ್ತುವಿನ ಗುಣಮಟ್ಟ. ಮೂರು ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಗಳನ್ನು ಅಂಟಿಸಿ ಮಾಡಿದ ಪೆಟ್ಟಿಗೆಯಿದು. ಮೂಲೆಗಳ ಅಂಟು ಗುಳ್ಳೆಗಳಿಲ್ಲದೆ ನೇರವಾಗಿದೆ, ಮೇಲಿನಿಂದ ಒತ್ತಿದರೆ ಗೋಡೆ ಬಾಗುವುದಿಲ್ಲ. ಎರಡೂ ಬದಿಗೆ ಕಾಗದದ ರಕ್ಷಣಾ ಪೊರೆಯಿರುತ್ತದೆ. ಅದನ್ನು ರಂಧ್ರಗಳ ಅಂಚಿನಿಂದ ಕಿತ್ತು ತೆಗೆಯುವುದು ತಾಳ್ಮೆಯ ಕೆಲಸ. ಬಿಸಿನೀರಿನಲ್ಲಿ ನೆನೆಸಿದರೆ ಅಕ್ರಿಲಿಕ್ ಸೊಟ್ಟಗಾಗುವ ಅಪಾಯವಿರುವುದರಿಂದ ಉಗುರು ಬೆಚ್ಚನೆಯ ನೀರೇ ಸಾಕು. ರಂಧ್ರಗಳು ಮೂರು ಮಿ.ಮೀ. ವ್ಯಾಸದವು, ಉದ್ದದ ಗೋಡೆಗಳಲ್ಲಿಯೂ ತಳದಲ್ಲಿಯೂ ಸಾಲಾಗಿವೆ, ಆದರೆ ಅಗಲದ ಗೋಡೆಗಳಲ್ಲಿ ಒಂದೂ ಇಲ್ಲ. ಬೆರಳಿನ ತುದಿಯನ್ನು ಒಳಗಿನಿಂದ ಆಡಿಸಿದಾಗ ತಳದ ಕೆಲವು ರಂಧ್ರಗಳ ಅಂಚು ಗರಗಸದ ಹಲ್ಲಿನಂತೆ ತಾಗಿತು. ಗಾಬರಿಗೊಂಡ ಮೀನು ಗೋಡೆಗೆ ಮೈ ಉಜ್ಜುತ್ತ ಓಡಾಡುತ್ತದೆ ಎಂಬುದನ್ನು ಬಲ್ಲ ತಯಾರಕರಾಗಿದ್ದರೆ ಈ ಅಂಚುಗಳನ್ನು ಹಾಗೆಯೇ ಬಿಡುತ್ತಿರಲಿಲ್ಲ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಸೋಪು ಹಾಕದೆ ತೊಳೆದು, ಒಂದು ಹಗಲು ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟ ಮೇಲೆ ಅಂಟಿನ ವಾಸನೆಯೂ ಹೋಯಿತು, ಅಂಚೂ ನಯವಾಯಿತು.

ನೇತುಹಾಕುವ ಕೊಕ್ಕೆಗಳ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಕೊಕ್ಕೆಯ ಬಾಯಿ ಎಂಟು ಮಿ.ಮೀ. ಗಾಜಿಗೆ ಸರಿಹೊಂದುವಂತಿದೆ. ನಮ್ಮಲ್ಲಿ ಅಂಗಡಿಯವರು ಅಳತೆ ಕೊಟ್ಟು ಮಾಡಿಸುವ ನಾಲ್ಕಡಿಯ ತೊಟ್ಟಿಗಳಿಗೆ ಹತ್ತು ಮಿ.ಮೀ. ಗಾಜು ಬಳಸುವುದು ಸಾಮಾನ್ಯ, ಜೊತೆಗೆ ಮೇಲಂಚಿನ ಒಳಬದಿಯಲ್ಲಿ ಎರಡು ಇಂಚು ಅಗಲದ ಗಾಜಿನ ಪಟ್ಟಿಯನ್ನೂ ಅಂಟಿಸಿರುತ್ತಾರೆ. ಇಂಥ ತೊಟ್ಟಿಗೆ ಈ ಕೊಕ್ಕೆ ಕೂರುವುದೇ ಇಲ್ಲ. ಪರ್ಯಾಯವಾಗಿ ಕೊಟ್ಟಿರುವ, ಒತ್ತಿದರೆ ಗಾಜಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲುಗಳು ಗಾಜಿನ ಮೇಲೆ ಪಾಚಿಯ ತೆಳು ಪೊರೆಯಿದ್ದರೂ ಹಿಡಿತ ಬಿಡುತ್ತವೆ, ಒಣಗಿಸಿ ಎತ್ತಿಟ್ಟರೆ ಗಡಸಾಗುತ್ತವೆ. ನಾಲ್ಕು ಬಟ್ಟಲುಗಳಲ್ಲಿ ಎರಡು ರಾತ್ರೋರಾತ್ರಿ ಕಳಚಿಕೊಂಡರೆ ಪೆಟ್ಟಿಗೆ ವಾಲಿ, ಮುಚ್ಚಳ ತೆರೆದು, ಬೆಳಗಾಗುವಷ್ಟರಲ್ಲಿ ಹೊಸ ಮೀನು ರೌಡಿಗಳ ಕೈಗೆ ಸಿಕ್ಕಿರುತ್ತದೆ. ಅಡ್ಡಪಟ್ಟಿಗೆ ನೈಲಾನ್ ಟ್ಯಾಗ್ ಹಾಕಿ ಬಿಗಿದ ಮೇಲೆಯೇ ನನಗೆ ನೆಮ್ಮದಿ. ಅಯಸ್ಕಾಂತದಿಂದ ಗಾಜಿಗೆ ಹಿಡಿದುಕೊಳ್ಳುವ ಮಾದರಿಗಳೂ ಇವೆ. ಬೆಲೆ ಹೆಚ್ಚಾದರೂ ನಮ್ಮ ತೊಟ್ಟಿಗಳಿಗೆ ಅವೇ ಸರಿ, ಆದರೆ ಎಷ್ಟು ಮಿ.ಮೀ. ಗಾಜಿಗೆ ಹಿಡಿಯುತ್ತವೆಂದು ಕೇಳಿ ಕೊಳ್ಳಬೇಕು.

ಬಳಕೆಯಲ್ಲಿ ಕಂಡದ್ದು ಹೀಗೆ. ಪೆಟ್ಟಿಗೆಯಲ್ಲಿ ಹಳದಿ ಮೀನನ್ನು ಬಿಟ್ಟ ಕೂಡಲೇ ಆರೇಟಸ್ ತನ್ನ ಕಲ್ಲಿನ ಸಂದಿಯಿಂದ ನೇರವಾಗಿ ಬಂದು, ಗೋಡೆಗೆ ಅಡ್ಡವಾಗಿ ನಿಂತು, ಎಲ್ಲ ರೆಕ್ಕೆಗಳನ್ನೂ ಬಿಚ್ಚಿ ಮೈಯನ್ನು ನಡುಗಿಸಿತು. ಬಳಿಕ ಎದುರು ತಿರುಗಿ, ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಬಾಯಿ ತೆರೆದು ಅಕ್ರಿಲಿಕ್ಕಿಗೆ ಗುದ್ದಿತು. ಗುದ್ದಿದ ಸದ್ದು ಹೊರಗೆ ಕುಳಿತವರಿಗೂ ಕೇಳುವಷ್ಟಿತ್ತು. ಹೊಸ ಮೀನು ದೂರದ ಮೂಲೆಗೆ ಸರಿದು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ತಲೆ ಕೆಳಗೆ ಮಾಡಿ ನಿಂತಿತು. ಹಳದಿ ಬಣ್ಣ ಮಂಕಾಗಿ ಹೊಟ್ಟೆಯ ಬಳಿ ಮಸಿ ಬಳಿದಂತೆ ಕಂಡಿತು. ಮೊದಲ ದಿನ ಈ ದಾಳಿ ಬಿಟ್ಟೂ ಬಿಡದೆ ನಡೆಯಿತು. ಆಮೇಲೆ ಕಡಿಮೆಯಾದದ್ದು ಗುದ್ದಿನ ಜೋರಲ್ಲ, ಭೇಟಿಗಳ ಸಂಖ್ಯೆ. ಆರೇಟಸ್ ಬರುತ್ತಿತ್ತು, ಒಂದು ಸಲ ರೆಕ್ಕೆ ಬಿಚ್ಚಿ ತೋರಿಸುತ್ತಿತ್ತು, ಹಿಂತಿರುಗಿ ತನ್ನ ಸಂದಿನ ಮರಳು ತೋಡುವುದರಲ್ಲಿ ತೊಡಗುತ್ತಿತ್ತು. ವಾರ ಕಳೆಯುವ ಹೊತ್ತಿಗೆ ಊಟದ ಸಮಯದಲ್ಲಿ ಅದು ಪೆಟ್ಟಿಗೆಯ ಪಕ್ಕದಲ್ಲಿಯೇ ಹಾದುಹೋದರೂ ಒಳಗಿನ ಮೀನಿನತ್ತ ತಿರುಗಲಿಲ್ಲ. ಒಳಗಿನದು ಕೂಡ ಮೂಲೆ ಬಿಟ್ಟು ನಡುವಿಗೆ ಬಂದು ಕಾಳು ತಿನ್ನಲು ಕಲಿತಿತ್ತು. ಬಿಡುಗಡೆಗೆ ನಾನು ನೋಡುವ ಗುರುತುಗಳು ಈ ಎರಡೇ. ಎರಡರಲ್ಲಿ ಒಂದು ಮಾತ್ರ ಕಂಡರೆ, ಅದರಲ್ಲೂ ಹೊಸ ಮೀನು ಇನ್ನೂ ತಿನ್ನದಿದ್ದರೆ, ಬಿಡುವುದು ತರವಲ್ಲ.

ಪೆಟ್ಟಿಗೆಯನ್ನು ತೊಟ್ಟಿಯಲ್ಲಿ ಎಲ್ಲಿ ತೂಗುಹಾಕುತ್ತೇವೆ ಎಂಬುದು ಬಹಳ ಮುಖ್ಯವಾದರೂ ಜೊತೆಗೆ ಬರುವ ಚೀಟಿಯಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ರೌಡಿ ಮೀನಿನ ಗವಿಯ ಮೇಲೆಯೇ ತೂಗಿಸಿದರೆ ಅದಕ್ಕೆ ದಿನವಿಡೀ ಕಾವಲಿನ ಕೆಲಸ, ಒಳಗಿನದಕ್ಕೆ ದಿನವಿಡೀ ಹೆದರಿಕೆ. ಪರಿಚಯವಾಗುವ ಬದಲು ಹಗೆ ಬಲಿಯುತ್ತದೆ. ಯಾರ ವಶದಲ್ಲಿಯೂ ಇಲ್ಲದ ಅಥವಾ ದುರ್ಬಲ ಮೀನಿನ ವಶದಲ್ಲಿರುವ ಮೂಲೆ ಉತ್ತಮ. ಒಂದು ಗೋಡೆಗೆ ಒಳಗಿನಿಂದ ಪಿವಿಸಿ ಕೊಳವೆಯ ತುಂಡನ್ನೋ ಚಪ್ಪಟೆ ಕಲ್ಲನ್ನೋ ಒರಗಿಸಿದರೆ ಹೊಸ ಮೀನಿಗೆ ಬೇಕೆಂದಾಗ ಮರೆಯಾಗಲು ಆಸರೆ ಸಿಗುತ್ತದೆ. ಇದು ನಾಲ್ಕೂ ಬದಿ ಬಯಲಾಗಿರುವ ಪೆಟ್ಟಿಗೆಯ ವಿನ್ಯಾಸದಲ್ಲಿಯೇ ಇರಬೇಕಾಗಿದ್ದ ಸೌಲಭ್ಯ.

ನೀರಿನ ಹರಿವು ಈ ಮಾದರಿಯ ನಿಜವಾದ ದೌರ್ಬಲ್ಯ. ಮೇಲಂಚು ನೀರಿನಿಂದ ಹೊರಗಿರುವಂತೆ ತೂಗಿಸಿದಾಗ ಒಳಗೆ ನಿಲ್ಲುವುದು ಐದು ಲೀಟರ್ ನೀರು ಮಾತ್ರ. ಅಗಲದ ಗೋಡೆಗಳಲ್ಲಿ ರಂಧ್ರವಿಲ್ಲದ ಕಾರಣ, ಫಿಲ್ಟರಿನ ಹೊರಹರಿವು ಪಕ್ಕದಿಂದ ಬಂದರೆ ಪೆಟ್ಟಿಗೆಯನ್ನು ಬಳಸಿ ಹೋಗುತ್ತದೆಯೇ ಹೊರತು ಒಳಹೊಕ್ಕು ಹೋಗುವುದಿಲ್ಲ. ತಿನ್ನದೆ ಉಳಿದ ಕಾಳುಗಳು ನೀರು ಕುಡಿದು ಉಬ್ಬಿ ತಳದ ರಂಧ್ರಗಳನ್ನು ಮುಚ್ಚುತ್ತವೆ, ಮೀನಿನ ಹಿಕ್ಕೆಯೂ ಅಲ್ಲಿಯೇ ಉಳಿಯುತ್ತದೆ. ಸಿಕ್ಲಿಡ್ ತೊಟ್ಟಿಯಲ್ಲಿ ಇದು ಬರಿಯ ಕೊಳಕಿನ ಪ್ರಶ್ನೆಯಲ್ಲ. ನೀರಿನಲ್ಲಿರುವ ಅಮೋನಿಯಾದ ಎಷ್ಟು ಭಾಗ ವಿಷವಾಗುತ್ತದೆ ಎಂಬುದು ಪಿಎಚ್ ಮೇಲೆ ನಿಂತಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಸುಮಾರು ಶೇಕಡ 0.6 ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ, ಪಿಎಚ್ 8 ಆದರೆ ಅದು ಶೇಕಡ 5ನ್ನು ದಾಟುತ್ತದೆ. ಅಂದರೆ ಮೆದು ನೀರಿನ ಮೀನು ತಾಳಿಕೊಳ್ಳುವಷ್ಟೇ ಕೊಳೆ ಇಲ್ಲಿ ಹಲವು ಪಟ್ಟು ಹೆಚ್ಚು ಅಪಾಯಕಾರಿ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಗಾಳಿಗುಳ್ಳೆ ಬಿಡುವ ಗಾಳಿಕಲ್ಲನ್ನು ಇಳಿಬಿಟ್ಟು, ದಿನವೂ ದೊಡ್ಡ ಸಿರಿಂಜಿನಿಂದ ತಳದ ಕಸ ಹೀರಿ ತೆಗೆಯುತ್ತಿದ್ದರೆ ತೊಂದರೆಯಿಲ್ಲ. ಇಷ್ಟು ಉಸಾಬರಿ ಮಾಡಲಾಗದವರು ಬೇರೆ ಮಾದರಿ ನೋಡುವುದು ಒಳಿತು.

ಮಾರಾಟದ ಪುಟದಲ್ಲಿ ಇದನ್ನು ಕ್ವಾರಂಟೈನ್ ಪೆಟ್ಟಿಗೆ ಎಂದೂ ಕರೆದಿರುವುದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಪೆಟ್ಟಿಗೆಯ ನೀರೂ ತೊಟ್ಟಿಯ ನೀರೂ ಒಂದೇ; ಬಿಳಿ ಚುಕ್ಕೆ ರೋಗ ತರುವ ಪರೋಪಜೀವಿ ಈಜಾಡುವ ಹಂತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದು, ಮೂರು ಮಿ.ಮೀ. ರಂಧ್ರ ಅದಕ್ಕೆ ಹೆಬ್ಬಾಗಿಲು. ರೋಗದ ಭಯಕ್ಕೆ ಬೇಕಾಗಿರುವುದು ಬೇರೆ ತೊಟ್ಟಿ, ಬೇರೆ ಬಲೆ, ಸ್ಪಂಜ್ ಫಿಲ್ಟರ್ ಮತ್ತು ಕೆಲವು ವಾರಗಳ ಸಹನೆ. ಹಾಗೆಯೇ, ದೂರದಿಂದ ಪಾರ್ಸೆಲ್ಲಿನಲ್ಲಿ ಬಂದ ಮೀನನ್ನು ಹೊಸ ನೀರಿಗೆ ಹೊಂದಿಸುವ ಕೆಲಸವನ್ನೂ ಈ ಪೆಟ್ಟಿಗೆಯೇ ಮಾಡುತ್ತದೆಂದು ತಿಳಿಯಬಾರದು. ಚೆನ್ನೈನ ಕೊಳತ್ತೂರಿನಂಥ ಅಲಂಕಾರಿಕ ಮೀನುಗಳ ಕೇಂದ್ರದಿಂದ ರಾತ್ರಿ ಬಸ್ಸಿನಲ್ಲಿ ಬರುವ ಚೀಲದೊಳಗೆ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಟು ಪಿಎಚ್ ಏರತೊಡಗುತ್ತದೆ, ಅದರೊಂದಿಗೆ ಚೀಲದಲ್ಲಿ ಕೂಡಿದ್ದ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಉಷ್ಣತೆ ಸರಿಹೊಂದಿದ ಮೇಲೆ ಮೀನನ್ನು ಬೇಗ ಕ್ವಾರಂಟೈನ್ ತೊಟ್ಟಿಯ ಶುದ್ಧ ನೀರಿಗೆ ದಾಟಿಸಿ, ಚೀಲದ ನೀರನ್ನು ಚೆಲ್ಲಬೇಕು. ಈ ಪೆಟ್ಟಿಗೆಯ ಸರದಿ ಬರುವುದು ಅದೆಲ್ಲ ಮುಗಿದ ಮೇಲೆ.

ಬಿಡುಗಡೆಯ ದಿನ ಕಲ್ಲುಗಳನ್ನು ಅಲುಗಿಸದೆ ಮುಚ್ಚಳವನ್ನಷ್ಟೇ ತೆರೆದರೆ ಪೆಟ್ಟಿಗೆಯ ಶ್ರಮವೆಲ್ಲ ಅರ್ಧ ವ್ಯರ್ಥವಾಗುತ್ತದೆ, ಏಕೆಂದರೆ ಹೊಸ ಮೀನು ಈಗ ಪರಿಚಿತವಾದರೂ ಅದಕ್ಕೆ ಸೇರಿದ ಜಾಗ ಒಂದಂಗುಲವೂ ಇಲ್ಲ. ಕಲ್ಲಿನ ರಾಶಿಯನ್ನು ಬಿಚ್ಚಿ ಬೇರೆ ಕ್ರಮದಲ್ಲಿ ಕಟ್ಟಿ, ಹಿಂದಿಗಿಂತ ಹೆಚ್ಚು ಸಂದುಗಳಿರುವಂತೆಯೂ ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆಯೂ ಮಾಡಿದರೆ ಹಳೆಯ ಒಡೆಯರೂ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ. ಹೊಟ್ಟೆ ತುಂಬಿಸಿ, ದೀಪ ಆರಿಸಿ, ಪೆಟ್ಟಿಗೆಯನ್ನು ಪೂರ್ತಿ ಮುಳುಗಿಸಿ ಓರೆಯಾಗಿಟ್ಟು, ಮೀನು ತಾನಾಗಿ ಹೊರಬರಲು ಬಿಡಬೇಕು. ಬಲೆ ಹಾಕಿ ಓಡಿಸಿದರೆ ಬೆದರಿದ ಮೀನಿನ ಓಟವೇ ಇತರ ಮೀನುಗಳನ್ನು ಕೆರಳಿಸುತ್ತದೆ. ಮರುದಿನ ಹೊಸ ಮೀನು ಹೀಟರಿನ ಹಿಂದೆ ಅಥವಾ ನೀರಿನ ಮೇಲ್ಮೈಯ ಮೂಲೆಯಲ್ಲಿ ಅಂಟಿಕೊಂಡು ನಿಂತಿದ್ದರೆ, ಬಾಲದ ಅಂಚು ಹರಿದಿದ್ದರೆ, ಇನ್ನೊಂದು ದಿನ ನೋಡೋಣ ಎನ್ನದೆ ಪೆಟ್ಟಿಗೆಗೆ ಮರಳಿಸಬೇಕು. ಎಲೆಕ್ಟ್ರಿಕ್ ಯೆಲ್ಲೋ ವಿಷಯದಲ್ಲಿ ಅದರ ಅಗತ್ಯ ಬೀಳಲಿಲ್ಲ. ಆರೇಟಸ್ ಈಗಲೂ ಅದನ್ನು ಅಟ್ಟುತ್ತದೆ, ಆದರೆ ಒಂದೆರಡು ಗೇಣು ಅಟ್ಟಿ ಬಿಡುತ್ತದೆ.

ನನ್ನ ಲೆಕ್ಕದಲ್ಲಿ ಪೆಟ್ಟಿಗೆಯ ಅತ್ಯುತ್ತಮ ಉಪಯೋಗವನ್ನು ತಯಾರಕರು ಎಲ್ಲಿಯೂ ಹೇಳಿಯೇ ಇಲ್ಲ: ಹೊಸ ಮೀನಿನ ಬದಲು ರೌಡಿಯನ್ನೇ ಹಿಡಿದು ಒಳಗೆ ಹಾಕುವುದು. ಹೊಸ ಮೀನುಗಳು ಎರಡು ಮೂರಿದ್ದಾಗ, ಹಳೆಯವುಗಳಲ್ಲಿ ಕಿರುಕುಳ ಕೊಡುವುದು ಒಂದೇ ಇದ್ದಾಗ, ಈ ಕ್ರಮ ಮೊದಲಿನದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಒಳಗಿರುವ ರೌಡಿ ಎಲ್ಲವನ್ನೂ ನೋಡುತ್ತದೆ, ಆದರೆ ಯಾರನ್ನೂ ಮುಟ್ಟಲಾರದು. ಅಷ್ಟರಲ್ಲಿ ಅದರ ಗವಿ ಬೇರೆಯವರ ಪಾಲಾಗಿರುತ್ತದೆ, ಹೊಸ ಮೀನುಗಳಿಗೆ ಅಡಗುದಾಣಗಳ ಪರಿಚಯವಾಗಿರುತ್ತದೆ. ಹೊರಬಂದಾಗ ಅದೇ ಹೊಸದಾಗಿ ಬಂದ ಮೀನಿನಂತೆ ಜಾಗ ಹುಡುಕಬೇಕು. ಹತ್ತು ಸೆಂ.ಮೀ. ಆಸುಪಾಸಿನ ಆರೇಟಸ್‌ಗೆ ಈ ಪೆಟ್ಟಿಗೆ ಇಕ್ಕಟ್ಟಾದರೂ ಕೆಲವು ದಿನಗಳ ಮಟ್ಟಿಗೆ ಸಾಕು, ಮುಚ್ಚಳವನ್ನು ಮಾತ್ರ ಕಟ್ಟಿಯೇ ಇಡಬೇಕು, ಏಕೆಂದರೆ ಕೋಪಗೊಂಡ ಸಿಕ್ಲಿಡ್ ಸಡಿಲ ಮುಚ್ಚಳವನ್ನು ಎತ್ತಿ ಹಾರುತ್ತದೆ.

ಇದಕ್ಕಿಂತ ಅಗ್ಗವಾಗಿ, ಮರಿಗಳನ್ನು ಬೇರ್ಪಡಿಸಲೆಂದು ಮಾರುವ ಬಲೆಯ ಗೂಡುಗಳು ಎಲ್ಲ ಅಂಗಡಿಗಳಲ್ಲಿಯೂ ಇವೆ. ಗಪ್ಪಿ ಮರಿಗಳಿಗೆ ಅವು ಸಾಕು. ಎಂಬುನಾ ತೊಟ್ಟಿಗೆ ಬೇಡ. ಬಲೆಗೆ ಒತ್ತಿ ನಿಂತ ಹೊಸ ಮೀನಿನ ರೆಕ್ಕೆಯನ್ನು ಹೊರಗಿನವು ಬಲೆಯ ಸಮೇತ ಕಚ್ಚುತ್ತವೆ, ಹೊರಗಿನ ನೋಟವೂ ಮಸುಕು. ಆಸ್ಕರ್, ಫ್ಲವರ್‌ಹಾರ್ನ್ ಸಾಕುವವರು ಈ ಪೆಟ್ಟಿಗೆಗೆ ದುಡ್ಡು ಹಾಕುವುದು ದಂಡ. ಅಡಿ ಉದ್ದ ಬೆಳೆಯುವ ಆ ಮೀನುಗಳಿಗೆ ತೊಟ್ಟಿಯ ನಡುವೆ ನಿಲ್ಲಿಸುವ ರಂಧ್ರಗಳ ಹಲಗೆಯೇ ಬೇಕು, ಫ್ಲವರ್‌ಹಾರ್ನ್‌ಗಂತೂ ಜೊತೆಗಾರ ಬೇಕೆಂಬುದು ಸಾಮಾನ್ಯವಾಗಿ ಮಾಲೀಕರ ಆಸೆಯೇ ಹೊರತು ಮೀನಿನದಲ್ಲ. ಎಂಟು ಸೆಂ.ಮೀ. ಒಳಗಿನ ಸಿಕ್ಲಿಡ್, ಏಂಜೆಲ್, ಗೌರಾಮಿ, ಸಮುದ್ರದ ತೊಟ್ಟಿಯವರಿಗೆ ಡ್ಯಾಮ್ಸೆಲ್ ಮತ್ತು ಕ್ಲೌನ್ ಮೀನು, ಇವಿಷ್ಟಕ್ಕೆ ಅಳತೆ ಸರಿಯಾಗಿದೆ.

ಕೊಳ್ಳುವ ಮುನ್ನ ಹತ್ತಿರದ ನಾಮಫಲಕ ಮಾಡುವ ಅಕ್ರಿಲಿಕ್ ಅಂಗಡಿಯಲ್ಲಿ ಒಮ್ಮೆ ವಿಚಾರಿಸುವುದು ಲಾಭಕರ. ನಾಲ್ಕೂ ಗೋಡೆಗಳಿಗೆ ರಂಧ್ರ, ನಿಮ್ಮ ತೊಟ್ಟಿಯ ಗಾಜಿನ ದಪ್ಪಕ್ಕೂ ಪಟ್ಟಿಯ ಅಗಲಕ್ಕೂ ಹೊಂದುವ ಕೊಕ್ಕೆ, ತಿರುಪು ಹಾಕಿ ಬಿಗಿಯುವ ಮುಚ್ಚಳ, ಇಷ್ಟನ್ನು ಕಾಗದದ ಮೇಲೆ ಬರೆದುಕೊಟ್ಟರೆ ಇದೇ ಅಳತೆಯ ಪೆಟ್ಟಿಗೆಯನ್ನು ಅವರು ಮಾಡಿಕೊಡಬಲ್ಲರು. ಅಕ್ರಿಲಿಕ್ ಅಂಟಿಸಲು ಕ್ಲೋರೋಫಾರ್ಮ್ ಬಳಸುವ ರೂಢಿಯಿರುವುದರಿಂದ ಹಾಗೆ ಮಾಡಿಸಿದ್ದನ್ನು ಕೆಲವು ದಿನ ಗಾಳಿಗಿಟ್ಟು, ನೀರು ಬದಲಿಸುತ್ತ ನೆನೆಸಿದ ಮೇಲೆಯೇ ತೊಟ್ಟಿಗೆ ಇಳಿಸಬೇಕು.